ಕೂರಲಾರದ ಮುರಗೆಪ್ಪ

ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗೆ ಹತ್ತಿಕೊಂಡಿರುವ ಆ ಊರಿನಲ್ಲಿ ಯಾರ ಮನೆಯಲ್ಲಾದರೂ ಜೀವ ಹೋಯಿತೆಂದರೆ ಮೊದಲು ಅಳು ಕೇಳುತ್ತಿತ್ತು, ಅದರ ಹಿಂದೆಯೇ ‘ಮುರಗೆಪ್ಪಗ ಹೇಳಿ ಕಳಸ್ರಿ’ ಎಂಬ ಮಾತು ಕೇಳುತ್ತಿತ್ತು. ಶಾಸ್ತ್ರ ಮಾಡಿಸುವ ಅಯ್ಯನವರು ಆಮೇಲೆ, ಬೀಗರು ನೆಂಟರು ಇನ್ನೂ ಆಮೇಲೆ. ಲಿಂಗವಂತರ ಮನೆಗಳಲ್ಲಿ ಸತ್ತವರನ್ನು ಮಲಗಿಸಿ ಕಳಿಸುವ ರೂಢಿಯಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಆನಿಸಿ ಕುಳ್ಳಿರಿಸಬೇಕು. ಎಡ ಅಂಗೈಯಲ್ಲಿ ಲಿಂಗ ಇಡಬೇಕು. ಕುಳಿತ ಹಾಗೆಯೇ ಹೊತ್ತೊಯ್ದು, ಕುಣಿಯೊಳಗೂ ಕುಳಿತ ಹಾಗೆಯೇ ಇಳಿಸಬೇಕು. ಇದೆಲ್ಲ ಆಗಬೇಕೆಂದರೆ ಮೈ ಬೆಚ್ಚಗಿರುವಾಗಲೇ ಕಾಲು ಮಡಚಬೇಕು. ತಮ್ಮವರ ಮೊಣಕಾಲನ್ನು ತಾವೇ ಹಿಡಿದು ಮಡಚುವುದು ಎಲ್ಲರಿಂದ ಆಗುವ ಕೆಲಸವಲ್ಲ. ಎಂಥ ಗಟ್ಟಿ ಗಂಡಸಿನ ಕೈಯೂ ಅಲ್ಲಿ ನಡುಗುತ್ತದೆ. ಮುರಗೆಪ್ಪನ ಕೈ ನಡುಗುತ್ತಿರಲಿಲ್ಲ.

ಕಲಿಸಿದವನು ಅವನ ಅಪ್ಪ. ಅಪ್ಪ ಹೋದಾಗ ಅಪ್ಪನನ್ನೇ ಕುಳ್ಳಿರಿಸಿ ಆ ಕೆಲಸವನ್ನು ವಹಿಸಿಕೊಂಡಿದ್ದ. ಎರಡು ಎಕರೆ ಕಬ್ಬು, ಒಂದು ಎಮ್ಮೆ, ಹೆಂಡತಿ ಶೇವಂತಿ, ತಾಯಿ ಕೆಂಪವ್ವ. ಮಗಳನ್ನು ಮುಧೋಳಕ್ಕೆ ಕೊಟ್ಟಾಗಿತ್ತು. ಹೇಳಿಕೊಳ್ಳುವಂಥ ಬದುಕೇನಲ್ಲ. ಹರೆಯದಲ್ಲಿ ಚಿಕ್ಕಪಡಸಲಗಿಯ ಹತ್ತಿರ ರೈತರೇ ಸೇರಿ ಹೊಳೆಗೆ ಬ್ಯಾರೇಜು ಕಟ್ಟಿದಾಗ ತಾನೂ ಕಲ್ಲು ಹೊತ್ತಿದ್ದೆ ಎನ್ನುವುದೊಂದನ್ನೇ ಅವನು ಎದೆಯುಬ್ಬಿಸಿ ಹೇಳುತ್ತಿದ್ದ. ಹೆಣ ಕುಳ್ಳಿರಿಸುವುದನ್ನು ದೊಡ್ಡಸ್ತಿಕೆ ಎಂದು ಅವನು ಎಂದೂ ತಿಳಿದಿರಲಿಲ್ಲ, ಯಾರಿಂದಲೂ ಎಲೆಯಡಿಕೆ ಕೂಡ ಮುಟ್ಟುತ್ತಿರಲಿಲ್ಲ. ಕಾಲು ಮಡಚುವಾಗ ಜೀವವಿದ್ದವರ ಜೊತೆ ಮಾತಾಡಿದಂತೆ ‘ಸಾವಕಾಶ ಯಜಮಾನ್ರ, ಹಾಂ, ಸ್ವಲ್ಪ ಈ ಕಡೆ’ ಎನ್ನುತ್ತಿದ್ದ. ಮುದುಕಿಯರು ಅವನನ್ನು ದಾರಿಯಲ್ಲಿ ತಡೆದು, “ನನ್ನ ಛಲೋತ್ನಾಗಿ ಕುಂದ್ರಸೋ ಯಪ್ಪಾ, ಕುತ್ತಿಗಿ ವಾಲಬಾರದು” ಎಂದು ಮುಂಗಡ ಹೇಳಿಡುವರು. “ಅವಸರ ಏನೈತಿ ಆಯಿ, ಇನ್ನೂ ನಾಕ ವರ್ಷ ಹೋಳಗಿ ಉಣ್ಣು” ಎಂದು ಅವನು ನಗಿಸಿ ಕಳಿಸುವನು.

ಎಲ್ಲರಿಗಿಂತ ಮೊದಲೇ ಹೇಳಿಟ್ಟವಳು ಹೆತ್ತ ತಾಯಿ. “ನನ್ನ ಮಾತ್ರ ನೀನ ಕುಂದ್ರಸಬೇಕು ಮುರಗ್ಯಾ. ಮತ್ತೊಬ್ಬರ ಕೈ ಹಚ್ಚಾಕ ಬಿಡಬ್ಯಾಡ” ಎಂದು ಕೆಂಪವ್ವ ಅನ್ನುತ್ತಿದ್ದಳು. ಆಗಲಿ ಎಂದು ಮಾತು ಕೊಟ್ಟಿದ್ದ.

ಎರಡು ಸಾವಿರದ ಏಳರ ಡಿಸೆಂಬರಿನಲ್ಲಿ ಆ ಊರಿನಿಂದ ಬೀಳಗಿಯ ಕಡೆ ಬಸುರಿಯೊಬ್ಬಳ ಕುಬಸದ ಕಾರ್ಯಕ್ಕೆ ಹೊರಟ ಟ್ರಾಕ್ಟರಿನ ಟ್ರಾಲಿ, ತುಂಬ ಹೆಂಗಸರನ್ನು ಹೇರಿಕೊಂಡು, ಕಾಲುವೆಯ ತಿರುವಿನಲ್ಲಿ ಮಗುಚಿ ಬಿತ್ತು. ಒಂಬತ್ತು ಜನ ಸತ್ತರು. ಪೊಲೀಸರು, ಪಂಚನಾಮೆ, ಪೋಸ್ಟಮಾರ್ಟಮ್ ಎಲ್ಲ ಮುಗಿದು ಹೆಣಗಳು ಊರಿಗೆ ಬಂದದ್ದು ಮರುದಿನ ಮಧ್ಯಾಹ್ನ. ಮಾಗಿಯ ಚಳಿ ಬೇರೆ, ಮೈಗಳು ಕಟ್ಟಿಗೆಯಾಗಿದ್ದವು. ಅವುಗಳಲ್ಲಿ ಏಳು ಲಿಂಗವಂತರ ಮನೆಯವು. ಹೊತ್ತು ಮುಳುಗುವುದರೊಳಗೆ ಏಳನ್ನೂ ಕುಳ್ಳಿರಿಸಬೇಕಿತ್ತು.

ಹೆಂಗಸರ ಹೆಣಕ್ಕೆ ಹೆಂಗಸರೇ ಕೈ ಹಚ್ಚುವುದು ಪದ್ಧತಿ; ಮುರಗೆಪ್ಪ ಕೈ ಹಚ್ಚುತ್ತಿದ್ದದ್ದು ಗಂಡಸರಿಗೆ, ಇಲ್ಲವೆ ತಾವೇ ಹೇಳಿಟ್ಟ ಮುದುಕಿಯರಿಗೆ. ಆದರೆ ಅಂದು ಯಾವ ಹೆಂಗಸಿನ ಕೈಗೂ ಆ ಕಾಲುಗಳು ಬಗ್ಗಲಿಲ್ಲ. ಮಠದ ಪಡಸಾಲೆಗೆ ಮುರಗೆಪ್ಪನನ್ನು ಕರೆದರು. ಅವನು ಬಿಸಿನೀರು ಕಾಯಿಸಲು ಹೇಳಿ, ಅರಿವೆ ಅದ್ದಿ ಮೊಣಕಾಲಿಗೆ ಸುತ್ತಿ ನೋಡಿದ. ಎಣ್ಣೆ ಹಚ್ಚಿ ತಿಕ್ಕಿದ. ಆಗಲಿಲ್ಲ. “ಮಲಗಿಸಿ ಒಯ್ಯೂಣು, ದೇವರು ಬ್ಯಾಡ ಅನ್ನೂದಿಲ್ಲ” ಎಂದು ಅವನೇ ಬಾಯಿಬಿಟ್ಟು ಹೇಳಿದ. ಆಗ ಅವನ ಓರಗೆಯ ಗೆಳೆಯ ಪರಸಪ್ಪ, ಹೆಂಡತಿಯನ್ನು ಕಳೆದುಕೊಂಡವನು, ಬಂದು ಅವನ ಕಾಲು ಹಿಡಿದ. “ಲೇ ದೋಸ್ತ, ನಮ್ಮಾಕೀನ ಹಂಗ ಒಯ್ಯಾಕ ಬಿಡಬ್ಯಾಡೋ. ಎಲ್ಲಾರಂಗ ಕುಂತ ಹೋಗ್ಲಿ.”

ಮುರಗೆಪ್ಪ ಹೊರಗಿನವರಿಗೆ ಕಾಣದಂತೆ ಬಾಗಿಲು ಮುಂದೆ ಮಾಡಿಸಿ, ಬಲ ಹಾಕಿ ಒತ್ತಿದ. ಮೊಣಕಾಲು ಬಂತು. ಆದರೆ ಸದ್ದು ಮಾಡಿಕೊಂಡು ಬಂತು. ಹದಿನಾಲ್ಕು ಮೊಣಕಾಲು, ಹದಿನಾಲ್ಕು ಸದ್ದು. ಏಳನೆಯವಳು ಶಾಲೆಗೆ ಹೋಗುವ ಹುಡುಗಿ, ಎರಡು ಹೆರಳಿನ ರಿಬ್ಬನ್ನು ಹಾಗೇ ಇತ್ತು. ಅವಳಿಗೂ ‘ಸಾವಕಾಶ ಮಗಾ’ ಅನ್ನಬೇಕೆಂದುಕೊಂಡ, ನಾಲಿಗೆ ಏಳಲಿಲ್ಲ. ಎಲ್ಲ ಮುಗಿಸಿ ಹಿಂದೆ ಸರಿದು ನಿಂತಾಗ ಏಳು ಜನ ಗೋಡೆಗೆ ಸಾಲಾಗಿ ಕುಳಿತಿದ್ದರು. ಕಣ್ಣು ಮುಚ್ಚಿತ್ತು, ಕೈ ತೊಡೆಯ ಮೇಲಿತ್ತು. ಊರೆಲ್ಲ ‘ಮುರಗೆಪ್ಪ ಇದ್ದದ್ದಕ್ಕ ಮರ್ಯಾದೆ ಉಳೀತು’ ಎಂದಿತು. ಅವನು ಹೊಳೆಗೆ ಹೋಗಿ ಕೈ ತೊಳೆದೇ ತೊಳೆದ.

ಅವನ ಮನೆಯವರು ಯಾರೂ ಸತ್ತಿರಲಿಲ್ಲ. ಹಾಗಾಗಿ ಅವನಿಗೇನಾಗಿದೆ ಎಂದು ಕೇಳುವುದು ಯಾರಿಗೂ ಹೊಳೆಯಲಿಲ್ಲ. ಸತ್ತವರ ಮನೆಗೆ ಸರಕಾರದವರು ಬಂದರು, ಸ್ವಾಮಿಗಳು ಬಂದರು, ಪೇಪರಿನವರು ಬಂದರು. ಮುರಗೆಪ್ಪ ಎಮ್ಮೆಗೆ ಮೇವು ಹಾಕಿಕೊಂಡಿದ್ದ.

ಮೊದಲು ಊಟ ಕೆಟ್ಟಿತು. ತಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರೆ ಮೈ ಬೆವರುತ್ತಿತ್ತು, ತುತ್ತು ಎತ್ತುವ ಮೊದಲೇ ಎದ್ದುಬಿಡುತ್ತಿದ್ದ. ರೊಟ್ಟಿ ಕೈಯಲ್ಲಿ ಹಿಡಿದು ನಿಂತೇ ತಿನ್ನತೊಡಗಿದ. ಮದುವೆಗಳಲ್ಲಿ ನಿಂತು ಉಣ್ಣುವ ಶೋಕಿ ಹೊಸದಾಗಿ ಬಂದಿದ್ದ ಕಾಲ ಅದು; ಕಟ್ಟೆಯ ಮೇಲಿನವರು ಅವನಿಗೆ ‘ಬಫೆ ಮುರಗೆಪ್ಪ’ ಎಂದು ಹೆಸರಿಟ್ಟರು. ಅವನೂ ಮೊದಮೊದಲು ನಕ್ಕ. ಆಮೇಲೆ ಕಬ್ಬಿನ ಸರದಿ. ಕಡಿಯುವವರು ಗಳ ಮುರಿದ ಸದ್ದಿಗೆ ಹೊಲದ ನಡುವೆ ಕಿವಿ ಮುಚ್ಚಿಕೊಂಡು ನಿಂತುಬಿಟ್ಟ. ಆ ವರ್ಷ ಕಬ್ಬನ್ನು ಶೇವಂತಿಯೇ ನಿಂತು ಕಡಿಸಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಳಿಸಿದಳು.

ಎಲ್ಲಕ್ಕಿಂತ ಕೆಟ್ಟದ್ದು ಮನೆಯೊಳಗಿತ್ತು. ಕೆಂಪವ್ವನಿಗೆ ಮಧ್ಯಾಹ್ನ ಉಂಡು ಗೋಡೆಗೆ ಆತು ಕುಳಿತು ಕಣ್ಣು ಮುಚ್ಚುವ ರೂಢಿ. ಮುರಗೆಪ್ಪ ಹೊರಗಿನಿಂದ ಬಂದು ನೋಡಿದವನೇ “ಯವ್ವಾ! ಯವ್ವಾ!” ಎಂದು ಕೂಗಿ ಅವಳ ಭುಜ ಹಿಡಿದು ಅಲುಗಾಡಿಸಿಬಿಡುವನು. ಮುದುಕಿ ಬೆಚ್ಚಿ ಎದ್ದು, “ಏನಾತೋ, ಇಲ್ಲೇ ಅದೇನಿ” ಅನ್ನುವಳು. ಮೂರು ಸಲ ಹೀಗಾದ ಮೇಲೆ ಅವಳು ಗೋಡೆಗೆ ಕೂರುವುದನ್ನೇ ಬಿಟ್ಟಳು. ನಿದ್ದೆ ಬರಲಿ ಬಿಡಲಿ, ಮಗ ಬರುವ ಹೊತ್ತಿಗೆ ಹೊರಸಿನ ಮೇಲೆ ಉದ್ದಕ್ಕೆ ಮಲಗಿರುತ್ತಿದ್ದಳು.

ಒಂದೂವರೆ ವರ್ಷ ಹೀಗೇ ನೂಕಿದರು. ಯಾರೋ ಹೇಳಿದರೆಂದು ತಾಯಿತ ಕಟ್ಟಿಸಿದ್ದೂ ಆಯಿತು. ಒಂದು ದಿನ ಓಣಿಯ ಹಿರಿಯ ತೀರಿಕೊಂಡಾಗ ಎಂದಿನಂತೆ ಕರೆ ಬಂತು. ಮುರಗೆಪ್ಪ ಆ ಮನೆಯ ಹೊಸ್ತಿಲವರೆಗೆ ಹೋದ, ಅಲ್ಲಿಂದ ತಿರುಗಿ ಓಡಿದ. ಪಂಪುಮನೆಯ ಹಿಂದೆ ಹೊತ್ತು ಇಳಿಯುವವರೆಗೆ ನಿಂತಿದ್ದ. ಅವರು ಪಕ್ಕದ ಊರಿನಿಂದ ಬೇರೆಯವರನ್ನು ಕರೆಸಿದರು. ಊರಿನ ಬಾಯಿಗೆ ಅಷ್ಟು ಸಿಕ್ಕರೆ ಸಾಕಲ್ಲ. ಆ ವಾರವೆಲ್ಲ ಅದನ್ನೇ ಅಗಿಯಿತು. ಕೆಂಪವ್ವ ಬೈಯಲಿಲ್ಲ. ಹೊರಸಿನ ಮೇಲಿಂದ ಮಗನ ಮುಖ ನೋಡಿ, “ಹಂಗಾರ ನಂದ ಹೆಂಗೋ ಯಪ್ಪಾ?” ಎಂದಳು. ಮುರಗೆಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಮರುದಿನ ಶೇವಂತಿ ತಾಯಿತ ಹರಿದು ಒಲೆಗೆ ಹಾಕಿ, ಗಂಡನನ್ನು ಬಸ್ಸಿಗೆ ಹತ್ತಿಸಿಕೊಂಡು ಜಮಖಂಡಿಗೆ ಹೋದಳು. ಅಲ್ಲಿಯ ಸರಕಾರಿ ದವಾಖಾನೆಗೆ ತಿಂಗಳಿಗೊಮ್ಮೆ ಹೊರಗಿನಿಂದ ಒಬ್ಬ ಮನೋವೈದ್ಯರು ಬರುತ್ತಿದ್ದರು. ಅವರು ಅರ್ಧ ತಾಸು ಕೇಳಿಸಿಕೊಂಡರು. “ಯುದ್ಧಕ್ಕ ಹೋಗಿ ಬಂದ ಮಿಲ್ಟ್ರಿ ಮಂದಿಗೂ ಹಿಂಗ ಆಗತೈತಿ. ಇದು ಹುಚ್ಚಲ್ಲ. ಆಗೂದೆಲ್ಲಾ ಆಗಿ ಹೋಗೈತಿ ಅಂತ ತಲಿಗೆ ಗೊತ್ತೈತಿ, ಮೈಗೆ ಗೊತ್ತಿಲ್ಲ” ಎಂದು ಗುಳಿಗೆ ಬರೆದುಕೊಟ್ಟರು. ಗುಳಿಗೆಯಷ್ಟೇ ಸಾಲದು, ವಾರಕ್ಕೆ ಮೂರು ಮುಂಜಾನೆ ಸಂಘಮಿತ್ರಾ ಸಿಸ್ಟರ ಯೋಗದ ಕ್ಲಾಸಿಗೆ ಬರಬೇಕು ಎಂದೂ ಹೇಳಿದರು.

ಸಂಘಮಿತ್ರಾ ಸಾವಳಗಿಯ ಗುರಪ್ಪ ಮಾಸ್ತರ ಮಗಳು, ಸರಕಾರಿ ನರ್ಸು. ಇಂಥ ರೋಗಿಗಳಿಗೆ ಯೋಗ ಹೇಳಿಕೊಡುವ ತರಬೇತಿಯನ್ನು ಎಂಟು ತಿಂಗಳು ಪಡೆದು ಬಂದಿದ್ದಳು. ಬಹಳ ಜಾಗರೂಕಳು. ಹೆದರಿದ ಮನುಷ್ಯರಿಗೆ ಅಂಗಾತ ಮಲಗಿ ಕಣ್ಣು ಮುಚ್ಚುವುದು ಕಷ್ಟವೆಂದು ಕಲಿತಿದ್ದಳು. ಅದಕ್ಕೇ ಶವಾಸನ ಎಂಬ ಹೆಸರನ್ನೂ ಎತ್ತುತ್ತಿರಲಿಲ್ಲ, ಅದನ್ನು ಮಾಡಿಸುತ್ತಲೂ ಇರಲಿಲ್ಲ. ಮಲಗುವುದರ ಬದಲು ಎಲ್ಲರೂ ಗೋಡೆಗೆ ಆತು ಸುಖಾಸನದಲ್ಲಿ ಕೂರಬೇಕು, ಅಂಗೈ ಮೇಲೆ ಅಂಗೈ ಇಟ್ಟು ತೊಡೆಯ ಮೇಲಿರಿಸಿ ಕಣ್ಣು ಮುಚ್ಚಿ ಉಸಿರು ನೋಡಬೇಕು. ಅವಳ ಪಾಲಿಗೆ ಅದಕ್ಕಿಂತ ಶಾಂತವಾದದ್ದು ಇನ್ನೊಂದಿರಲಿಲ್ಲ.

ಮುರಗೆಪ್ಪ ಮೊದಲ ದಿನ ತಡವಾಗಿ ಹೋದ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟ. ಎದುರಿನ ಗೋಡೆಗೆ ಎಂಟು ಜನ ಸಾಲಾಗಿ ಕುಳಿತಿದ್ದರು, ಕಣ್ಣು ಮುಚ್ಚಿ, ಕೈ ತೊಡೆಯ ಮೇಲಿಟ್ಟು.

ಅವನು ಕೂಗಿದ್ದು ಬೀದಿಯವರೆಗೆ ಕೇಳಿತಂತೆ. ಬರಿಗಾಲಲ್ಲೇ ಬಸ್ ಸ್ಟ್ಯಾಂಡಿಗೆ ಓಡಿ ಸಿಕ್ಕ ಬಸ್ಸು ಹತ್ತಿದ. ಅದು ಬನಹಟ್ಟಿಯ ಬಸ್ಸು. ಕಂಡಕ್ಟರ್ ಕೇಳಿದಾಗಲೇ ಗೊತ್ತಾಗಿದ್ದು. ಬನಹಟ್ಟಿ ಮುಟ್ಟುವವರೆಗೂ ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ಸಂಜೆ ಮನೆಗೆ ಬಂದು ಶೇವಂತಿಗೆ ಒಂದೇ ಮಾತು ಹೇಳಿದ: “ಇನ್ನ ಅಲ್ಲಿಗೆ ಕಳಸಬ್ಯಾಡ.”

ಮೂರನೆಯ ದಿನ ಸಂಘಮಿತ್ರಾ ಅವನ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ತಾನೇ ಊರಿಗೆ ಬಂದಳು. ಕೆಂಪವ್ವ ಹೊರಸಿನಿಂದ ಕತ್ತೆತ್ತಿ, ಯಾರ ಪೈಕಿ ಎಂದು ಕೇಳಿದಳು. ಅವಳು ಮುಚ್ಚುಮರೆಯಿಲ್ಲದೆ, “ಬೌದ್ಧರ ಪೈಕಿ ಆಯಿ. ನಮ್ಮಪ್ಪ ಇರೂತನ ಕೇರಿಯೊಳಗ ಇದ್ವಿ” ಎಂದಳು. ಮುದುಕಿಯ ಕಣ್ಣು ಅಂಥವರಿಗೆಂದು ಬೇರೆ ಇಟ್ಟಿದ್ದ ಕಪ್ಪಿನ ಕಡೆ ಹೋಯಿತು. ಅಷ್ಟು ವರ್ಷದ ಅಭ್ಯಾಸ, ಸುಮ್ಮನೆ ಬಿಟ್ಟು ಹೋಗುತ್ತದೆಯೇ? ಆಮೇಲೆ, “ಶೇವಂತಿ, ನಮ್ಮ ಕಪ್ಪಿನ್ಯಾಗ ಚಾ ಕೊಡು, ಕೂಸು ಬಿಸಲಾಗ ಬಂದೈತಿ” ಎಂದಳು.

ಚಹಾ ಕುಡಿಯುತ್ತ ಸಂಘಮಿತ್ರಾ ಕೇಳಿದಳು: “ಕಾಕಾ ಏನ ನೋಡಿ ಓಡಿದ್ರು ಆಯಿ? ನಾ ಏನ ತಪ್ಪ ಮಾಡಿದೆ?”

“ಅಂವ ಹೆಣಾ ಕುಂದ್ರಸಾಂವ ಅಲ್ಲೇನವಾ” ಎಂದಳು ಕೆಂಪವ್ವ.

ಸಂಘಮಿತ್ರಾ ಕಪ್ಪು ಕೆಳಗಿಟ್ಟಳು. ಲಿಂಗವಂತರು ಸತ್ತವರನ್ನು ಕುಳ್ಳಿರಿಸುತ್ತಾರೆಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯೇ ಅಲ್ಲ, ಹುಟ್ಟಿದಾಗಿನಿಂದ ಕಂಡದ್ದು. ಆದರೆ ಕ್ಲಾಸಿಗೆ ಬರುವವರಲ್ಲಿ ಅರ್ಧ ಮಂದಿ ಅವರೇ ಇದ್ದರೂ ಅದೊಂದು ನೆನಪಾಗಿರಲಿಲ್ಲ. ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಮುರಗೆಪ್ಪನ ಹತ್ತಿರ ಹೋಗಿ ಹೇಳಿದಳು: “ಕಾಕಾ, ನಮ್ಮ ಮನ್ಯಾಗ ಬುದ್ಧನ ಫೋಟೊ ಐತ್ರಿ, ಕಣ್ಣ ಮುಚ್ಚಿ ಕುಂತಿದ್ದು. ಸಣ್ಣಾಕಿದ್ದಾಗಿಂದ ಅದನ್ನ ನೋಡೇನಿ. ಕುಂದ್ರೂದು ಅಂದ್ರ ನನಗ ಸಮಾಧಾನ. ನಿಮಗ ಏನು ಅಂತ ನಾ ಕೇಳಲೇ ಇಲ್ಲ. ತಪ್ಪು ನಂದು.”

ಒಂದೂವರೆ ವರ್ಷದಲ್ಲಿ ‘ತಪ್ಪು ನಂದು’ ಎಂದು ಅವನೆದುರು ಯಾರೂ ಅಂದಿರಲಿಲ್ಲ. ಮುರಗೆಪ್ಪ ತಿರುಗಿ ನೋಡಿದ. “ಅಕ್ಕಾರ, ಮಲಗೂದು ನನಗ ತ್ರಾಸಿಲ್ಲ. ಮಲಗಿದವರು ಏಳತಾರ” ಎಂದ. ಬೇರೆಯವರನ್ನು ಹೆದರಿಸುತ್ತದೆಂದು ಅವಳು ಬಿಟ್ಟಿದ್ದ ಆಸನವೇ ಇವನಿಗೆ ಸಲೀಸಾಗಿತ್ತು. ಸಂಘಮಿತ್ರಾಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಅಂದಿನಿಂದ ಅವನಿಗಾಗಿ ಪಾಠ ಬೇರೆಯಾಯಿತು. ಮೊದಲ ಎರಡು ತಿಂಗಳು ಬರೀ ನಿಲ್ಲುವುದು. ಕಣ್ಣು ತೆರೆದಿರಬೇಕು, ಬಾಗಿಲು ತೆರೆದಿರಬೇಕು, ಅಂಗಾಲು ನೆಲಕ್ಕೆ ಹತ್ತಿದ್ದು ತಿಳಿಯಬೇಕು. ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು. ಕೈ ಎತ್ತುವುದು, ಇಳಿಸುವುದು. ಯಾವುದು ಬೇಡ ಅನಿಸಿದರೂ ‘ಬ್ಯಾಡ’ ಅನ್ನಬಹುದು, ಕಾರಣ ಹೇಳಬೇಕಿಲ್ಲ. ಮೊದಮೊದಲು ಮುರಗೆಪ್ಪನಿಗೆ ಇದು ಸಾಲಿಯ ಹುಡುಗರ ಡ್ರಿಲ್ಲಿನಂತೆ ಕಂಡಿತು. “ಇದರಿಂದೇನ ಆಗತೈತ್ರಿ?” ಎಂದು ಮುಖ ಸಿಂಡರಿಸಿದ. “ಆಗಲಿಲ್ಲಂದ್ರ ಬಸ್ ಚಾರ್ಜ್ ನಾ ಕೊಡತೇನ್ರಿ” ಎಂದಳು ಅವಳು. ವಾರಗಳು ಕಳೆದಂತೆ ಅವನು ಬೆಳಗಿನವರೆಗೆ ನಿದ್ದೆ ಮಾಡತೊಡಗಿದ.

ಮೂರನೆಯ ತಿಂಗಳು ಕುರ್ಚಿ ಹಿಡಿದು ಮೊಣಕಾಲು ಬಗ್ಗಿಸುವ ದಿನ ಬಂತು. ಬಗ್ಗಿಸಿದ. ಚಟ್ ಎಂದಿತು. ಅವನ ಮುಖ ಬೆಳ್ಳಗಾಯಿತು, ಕುರ್ಚಿ ಬಿಟ್ಟು ಬಾಗಿಲ ಕಡೆ ಹೊರಟ. ಸಂಘಮಿತ್ರಾ ತಡೆಯಲಿಲ್ಲ. ಅಲ್ಲೇ ನಿಂತು ತನ್ನ ಮೊಣಕಾಲು ಬಗ್ಗಿಸಿದಳು. ಅದೂ ಚಟ್ ಎಂದಿತು. “ನಂದೂ ಒದರತೈತ್ರಿ ಕಾಕಾ. ನೋಡ್ರಿ, ಬಗ್ಗಿತು. ಈಗ ತಿರುಗಿ ನೆಟ್ಟಗಾತು.”

ಮುರಗೆಪ್ಪ ಬಾಗಿಲಲ್ಲಿ ನಿಂತು ತನ್ನ ಕಾಲನ್ನೇ ನೋಡಿಕೊಂಡ. ಬಗ್ಗಿಸಿದ, ನೆಟ್ಟಗೆ ಮಾಡಿದ. ಇನ್ನೊಮ್ಮೆ, ಮತ್ತೊಮ್ಮೆ. ಅಂದು ಮಠದಲ್ಲಿ ಅವನು ಒತ್ತಿದ ಕಾಲುಗಳು ಒಮ್ಮೆ ಬಗ್ಗಿದವು ತಿರುಗಿ ನೆಟ್ಟಗಾಗಲಿಲ್ಲ. ಇದು ಆಗುತ್ತಿತ್ತು. ತಾನು ಬದುಕಿದ್ದೇನೆ ಎಂಬುದು ಅವನಿಗೆ ಅಂದು ಮೊಣಕಾಲಿನಿಂದ ತಿಳಿಯಿತು. ಅದಕ್ಕೆ ಅವನಿಗೆ ಸಂತೋಷವಾಯಿತು, ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು. ಸತ್ತ ಹುಡುಗಿಯ ರಿಬ್ಬನ್ನಿನ ವಿಷಯ ಮೊದಲ ಸಲ ಬಾಯಿಬಿಟ್ಟು ಹೇಳಿದ. ಸಂಘಮಿತ್ರಾ ಕೇಳುತ್ತ ನಿಂತಳು.

ಇಷ್ಟಾದರೂ ಪೂರಾ ಗುಣವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕಬ್ಬಿನ ಹೊಲಕ್ಕೆ ಹೋಗತೊಡಗಿದ. ಮಂಚದ ಅಂಚಿಗೆ ಕುಳಿತು ಉಣ್ಣುವಂತಾದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರೆ ಇಪ್ಪತ್ತು ಉಸಿರಿಗೆ ಮೇಲೆ ಆಗುತ್ತಿರಲಿಲ್ಲ, ಎದ್ದುಬಿಡುತ್ತಿದ್ದ. ಊರಲ್ಲಿ ಸಾವಾದರೆ ಯಾರೂ ಅವನನ್ನು ಕರೆಯುತ್ತಿರಲಿಲ್ಲ, ಅವನೂ ಹೋಗುತ್ತಿರಲಿಲ್ಲ. ಕೆಂಪವ್ವನೂ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಎರಡು ಸಾವಿರದ ಹನ್ನೊಂದರ ಯುಗಾದಿ ಕಳೆದ ಮೇಲೆ ಕೆಂಪವ್ವ ಅನ್ನ ಬಿಟ್ಟಳು. ಡಾಕ್ಟರು ನೋಡಿ, ಮನೆಯಲ್ಲೇ ಇರಲಿ ಎಂದರು. ದಿನವೂ ಮಗ ಹೊಲಕ್ಕೆ ಹೋದ ಮೇಲೆ ಮುದುಕಿ ಸೊಸೆಯನ್ನು ಕರೆದು, “ನನ್ನ ಗ್ವಾಡಿಗೆ ಆನಿಸಿ ಕುಂದ್ರಸು, ಕಾಲ ಮಡಚು. ಅವಗ ಹೇಳಬ್ಯಾಡ” ಎನ್ನುತ್ತಿದ್ದಳು. ಬೆನ್ನು ನಿಲ್ಲುತ್ತಿರಲಿಲ್ಲ, ಹಳೆಯ ಸೀರೆಯಿಂದ ಸೊಂಟವನ್ನು ಗೂಟಕ್ಕೆ ಕಟ್ಟಿಸಿಕೊಳ್ಳುತ್ತಿದ್ದಳು. ನೋವಿಗೆ ತುಟಿ ಕಚ್ಚಿ ಹಾಗೇ ಕುಳಿತಿರುತ್ತಿದ್ದಳು. ಯಾಕೆಂದು ಶೇವಂತಿಗೆ ತಿಳಿಯಲಿಲ್ಲ, ಮುದುಕಿಯ ಹಟ ಎಂದುಕೊಂಡಳು.

ಒಂದು ಮುಂಜಾನೆ ಮುರಗೆಪ್ಪ ಮರೆತ ಗುದ್ದಲಿಗಾಗಿ ಅರ್ಧ ದಾರಿಯಿಂದ ತಿರುಗಿ ಬಂದ. ಒಳಗೆ ತಾಯಿ ಗೋಡೆಗೆ ಕುಳಿತಿದ್ದಳು. ಅವನ ಎದೆ ಹೊಡೆದುಕೊಂಡಿತು. ಹೊಸ್ತಿಲ ಮೇಲೆ ನಿಂತು ಅಂಗಾಲು ಊರಿದ, ಉಸಿರು ಎಣಿಸಿದ. ಆಗ ಅವಳ ಹೊಟ್ಟೆ ಏರಿಳಿಯುವುದು ಕಂಡಿತು. ಹತ್ತಿರ ಹೋದ.

“ಇದೇನಬೇ ಯವ್ವಾ, ಯಾಕ ಹಿಂಗ ಕಟಗೊಂಡ ಕುಂತಿ?”

ಕೆಂಪವ್ವ ಕಣ್ಣು ತೆರೆದಳು. ಸಿಕ್ಕಿಬಿದ್ದ ಮಗುವಿನ ಮುಖ ಅವಳದಾಯಿತು. “ಹೆಂಗೂ ಹೊತ್ತ ಬಂದೈತಿ. ನಾನ ಕುಂತ ಇದ್ರ ನೀ ನನ್ನ ಕಾಲ ಮಡಚೂದು ತಪ್ಪತೈತಿ. ಮ್ಯಾಲ ಬರೇ ಲಿಂಗಾ ಇಟ್ರಾತು. ನಿನ್ನ ಕೈಗೆ ತ್ರಾಸ ಆಗಬಾರದು ಮಗಾ” ಎಂದಳು.

ಮುರಗೆಪ್ಪ ಅವಳ ಮುಂದೆ ಮಂಡಿಯೂರಿದ. ಎಷ್ಟು ದಿನದಿಂದ ಈ ನೋವನ್ನು ಅವಳು ತನಗಾಗಿ ತಿನ್ನುತ್ತಿದ್ದಳೋ. ಅವನು ಸೀರೆಯ ಗಂಟು ಬಿಚ್ಚಿದ. ಒಂದೊಂದೇ ಮೊಣಕಾಲನ್ನು ಹಿಡಿದು ನೆಟ್ಟಗೆ ಮಾಡಿ, ಅವಳನ್ನು ಎತ್ತಿ ಚಾಪೆಯ ಮೇಲೆ ಉದ್ದಕ್ಕೆ ಮಲಗಿಸಿದ. “ಜೀವ ಇರೂತನ ಆರಾಮ ಮಲಕೊಬೇ. ಆಮ್ಯಾಲ ನಾ ಅದೇನಿ” ಎಂದ.

“ಖರೇನಾ?”

“ಖರೆ.”

ಕಾಲು ಚಾಚಿದ ಸುಖಕ್ಕೆ ಅವಳು ಅಯ್ಯಪ್ಪಾ ಎಂದು ಉಸಿರುಬಿಟ್ಟಳು. ಅವನು ಪಕ್ಕದಲ್ಲಿ ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಶೇವಂತಿ ಬಾಯಿಗೆ ನೀರು ಬಿಟ್ಟಳು. ಸಂಕಟವೇನೂ ಇಲ್ಲದೆ, ಹೊತ್ತು ನೆತ್ತಿಗೆ ಬರುವ ಮೊದಲೇ ಕೆಂಪವ್ವ ಹೋದಳು.

ಅಳು ಕೇಳಿ ಮೊದಲು ಓಡಿ ಬಂದವನು ಪರಸಪ್ಪ. ಮೆಲ್ಲಗೆ ಕೇಳಿದ: “ಕುಂದ್ರಸಾಕ ಆ ಪಕ್ಕದೂರವರಿಗೆ ಫೋನ್ ಹಚ್ಚಲೇನೋ? ತಾಸಿನ್ಯಾಗ ಬರತಾರ.”

“ಬ್ಯಾಡ. ಬಾಗಲಾ ಮುಂದ ಮಾಡು” ಎಂದ ಮುರಗೆಪ್ಪ.

ಹೆಂಗಸರು ಮೈ ತೊಳೆದು, ವಿಭೂತಿ ಹಚ್ಚಿ ಹೊರಗೆ ಬಂದರು. ಒಳಗೆ ಅವನು, ತಾಯಿ, ಇಬ್ಬರೇ. ಮೈ ಇನ್ನೂ ಬೆಚ್ಚಗಿತ್ತು. “ಸಾವಕಾಶ ಬೇ” ಎಂದ. ಬಲಗಾಲು ತಾನಾಗಿಯೇ ಬಂತು. ಎಡಗಾಲು ಅರ್ಧಕ್ಕೆ ಬಂದು ಚಟ್ ಎಂದಿತು. ಮೈಯೆಲ್ಲ ಜಲ್ಲೆಂದಿತು, ಮಠದ ಗೋಡೆ ಕಣ್ಣ ಮುಂದೆ ಬಂತು. ಅವನು ಕೈ ತೆಗೆಯಲಿಲ್ಲ. ಅಲ್ಲೇ ಹಿಡಿದುಕೊಂಡು ನಾಲ್ಕು ಎಣಿಸಿ ಉಸಿರೆಳೆದ, ಆರು ಎಣಿಸಿ ಬಿಟ್ಟ. ಎಷ್ಟು ಸಲವೋ. ಆಮೇಲೆ ಕಾಲನ್ನು ಪೂರ್ತಿ ಮಡಚಿದ. ಅವಳನ್ನು ಗೋಡೆಗೆ ಆನಿಸಿ, ಕುತ್ತಿಗೆ ವಾಲದಂತೆ ಅರಿವೆ ಕೊಟ್ಟು, ಎಡ ಅಂಗೈಯಲ್ಲಿ ಲಿಂಗವಿಟ್ಟ.

ಎಲ್ಲ ಮುಗಿದ ಮೇಲೆ ಅವನಿಗೆ ಎದ್ದು ಹೋಗಬೇಕೆನಿಸಲಿಲ್ಲ. ತಾಯಿಯ ಪಕ್ಕದಲ್ಲಿ ಅದೇ ಗೋಡೆಗೆ ಬೆನ್ನು ಕೊಟ್ಟು, ತಾನೂ ಚಕ್ಕಳಮಕ್ಕಳ ಹಾಕಿ ಕುಳಿತ. ಕುಳಿತವನು ಅತ್ತ. ಟ್ರಾಲಿ ಮಗುಚಿದ ದಿನದಿಂದ ಅವನು ಅತ್ತೇ ಇರಲಿಲ್ಲ. ಆ ಏಳು ಜನರಿಗಾಗಿಯೂ ಅಂದೇ ಅತ್ತ.

ಅಯ್ಯನವರು ಬಂದರೆಂದು ಕರೆಯಲು ಪರಸಪ್ಪ ಬಾಗಿಲು ತೆರೆದ. ಗೋಡೆಗೆ ಕುಳಿತ ಇಬ್ಬರನ್ನೂ ನೋಡಿ ಗಕ್ಕನೆ ನಿಂತ. ಮುರಗೆಪ್ಪ ಮುಖ ಒರೆಸಿಕೊಂಡು ಏಳಲು ಹೋದ, ಆಗಲಿಲ್ಲ.

“ದೋಸ್ತ, ಸ್ವಲ್ಪ ಕೈ ಕೊಡು. ಭಾಳ ಹೊತ್ತ ಕುಂತೇನಿ, ಕಾಲ ಜೋಮ ಹಿಡದಾವು” ಎಂದ. ಪರಸಪ್ಪ ಬಗ್ಗಿ ಅವನ ಎರಡೂ ಕೈ ಹಿಡಿದು ಎಬ್ಬಿಸಿದ.